ಹಳೇ ಪಾತ್ರೆಯೋ, ಹಳೇ ಕ್ಯಾಟಲಾಗೋ? ಗುಜರಿಯಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು

ಭಾನುವಾರ ಬೆಳಿಗ್ಗೆ ಬೇಗ ಎದ್ದು ಬೆಂಗಳೂರಿನ ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಹೋದರೆ ಫುಟ್‌ಪಾತಿನ ಮೇಲೆ ಟಾರ್ಪಾಲು ಹಾಸಿ ಹರಡಿದ ಸಾಮಾನು ಕಾಣುತ್ತದೆ. ಚಾರ್ಜರು, ಬೂಟು, ಕೆಟ್ಟ ಗಡಿಯಾರ. ಅದರ ನಡುವೆ ಒಂದು ಹಿತ್ತಾಳೆ ತಪ್ಪಲೆ. ನಾಲ್ಕು ಹೆಜ್ಜೆ ಆಚೆ ದಾರ ಕಟ್ಟಿಟ್ಟ ಹಳೇ ಪುಸ್ತಕಗಳು, ಅದರೊಳಗೆ ಯಾವುದೋ ಪಾತ್ರೆ ಅಂಗಡಿಯ ಬೆಲೆಪಟ್ಟಿ. ಜೇಬಲ್ಲಿರುವುದು ಎರಡು ಸಾವಿರ. ಯಾವುದು ತಗೊಳ್ಳೋದು?

ಹಳೇ ಅಡುಗೆಮನೆ ಸಾಮಾನು ಕೂಡಿಸಲು ಶುರು ಮಾಡಿದವರೆಲ್ಲ ಮೊದಲ ತಿಂಗಳಲ್ಲೇ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಹಿತ್ತಾಳೆ ಚೆಂದ, ಕಂಚು ಇನ್ನೂ ಚೆಂದ, ಬೀಡಿನ (ಎರಕದ ಕಬ್ಬಿಣದ) ಕಾವಲಿಯಲ್ಲಿ ದೋಸೆ ಚೆನ್ನಾಗಿ ಬರುತ್ತದೆ, ಕಲ್ಲಿನ ಪಾತ್ರೆ ಅಜ್ಜಿ ಮನೆ ನೆನಪು, ಕ್ಯಾಟಲಾಗಿನ ಚಿತ್ರ ನೋಡ್ತಾ ಇದ್ದರೆ ಹೊತ್ತು ಹೋಗುವುದೇ ಗೊತ್ತಾಗಲ್ಲ. ಎಲ್ಲವೂ ಬೇಕು ಅನಿಸುತ್ತದೆ. ಆದರೆ ಮನೆಯಲ್ಲಿ ಜಾಗ ಇಲ್ಲ, ಎಲ್ಲದಕ್ಕೂ ದುಡ್ಡೂ ಇಲ್ಲ.

ನಾನು ಕಂಡುಕೊಂಡದ್ದು ಇಷ್ಟು. ಕೊಳ್ಳುವ ಬೆಲೆ ಒಂದೇ ದಿನದ ಮಾತು. ಆಮೇಲಿನ ಆರೈಕೆ ವರ್ಷಗಟ್ಟಲೆ ಇರುತ್ತದೆ. ಆದ್ದರಿಂದ ಆರೈಕೆಯನ್ನು ಮೊದಲು ಲೆಕ್ಕ ಹಾಕಿ, ಬೆಲೆಯನ್ನು ಆಮೇಲೆ ನೋಡಿ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದದ್ದು

ಇದರಲ್ಲಿ ಅಡುಗೆ ಮಾಡ್ತೀರಾ, ಅಥವಾ ಶೋಕೇಸಿನಲ್ಲಿ ಇಡ್ತೀರಾ? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಶೋಕೇಸಿಗೆ ಆದರೆ ಸಣ್ಣ ತೂತು, ತೇಪೆ, ನೆಗ್ಗು ಯಾವುದೂ ತೊಂದರೆಯಿಲ್ಲ. ಅಡುಗೆಗೆ ಆದರೆ ಒಳಗಿನ ಮೈ ಹೇಗಿದೆ ಅನ್ನುವುದೇ ಎಲ್ಲ. ನಿಮ್ಮ ಮನೆಯಲ್ಲಿ ಇಂಡಕ್ಷನ್ ಒಲೆ ಮಾತ್ರ ಇದ್ದರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯಿತು. ಹಿತ್ತಾಳೆ, ತಾಮ್ರ, ಕಂಚು, ಕಲ್ಲು ಯಾವುದೂ ಅದರ ಮೇಲೆ ಕಾಯುವುದಿಲ್ಲ. ಅಯಸ್ಕಾಂತ ಹಿಡಿಯುವ ಕಬ್ಬಿಣ ಮಾತ್ರ ಕಾಯುತ್ತದೆ.

ಎರಡನೆಯದು, ನಿಮ್ಮ ಊರಲ್ಲಿ ಪಾತ್ರೆಯ ಒಳಮೈಗೆ ಕಲಾಯಿ (ತವರದ ಲೇಪ) ಹಾಕುವವರು ಇನ್ನೂ ಇದ್ದಾರಾ? ಮೊದಲು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಈಗ ಹುಡುಕಿಕೊಂಡು ಹೋಗಬೇಕು. ಇದಕ್ಕೆ ಉತ್ತರ ಗೊತ್ತಿಲ್ಲದೆ ಅಡುಗೆಗೆಂದು ಹಿತ್ತಾಳೆ ಕೊಳ್ಳಬೇಡಿ.

ಮೂರನೆಯದು ಜಾಗ ಮತ್ತು ಭಾರ. ಸ್ನಾನದ ಹಂಡೆ ನೋಡಲು ಭವ್ಯವಾಗಿರುತ್ತದೆ. ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಅದನ್ನು ಎಲ್ಲಿಡುತ್ತೀರಿ? ಬಾಡಿಗೆ ಮನೆ ಬದಲಾಯಿಸುವವರು ಈ ಪ್ರಶ್ನೆಯನ್ನು ಎರಡು ಸಲ ಕೇಳಿಕೊಳ್ಳಿ.

ಇನ್ನು ದುಡ್ಡು. ಲೋಹದ ಪಾತ್ರೆಗೆ ಒಂದು ತಳದ ಬೆಲೆ ಇರುತ್ತದೆ: ಗುಜರಿ ದರ. ವ್ಯಾಪಾರಿ ತಕ್ಕಡಿಯಲ್ಲಿ ಇಟ್ಟು ಕಿಲೋಗೆ ಇಷ್ಟು ಅಂತ ಮನಸ್ಸಲ್ಲೇ ಲೆಕ್ಕ ಹಾಕಿರುತ್ತಾನೆ. ಅದಕ್ಕಿಂತ ಕಡಿಮೆಗೆ ಕೊಡುವುದಿಲ್ಲ, ಯಾಕೆಂದರೆ ಕರಗಿಸುವವನಿಗೆ ಕೊಟ್ಟರೂ ಅಷ್ಟು ಸಿಗುತ್ತದೆ. ಹೊರಡುವ ಮುಂಚೆ ಹಳೇ ಹಿತ್ತಾಳೆ, ತಾಮ್ರ, ಕಂಚಿನ ಅಂದಿನ ದರ ವಿಚಾರಿಸಿಕೊಳ್ಳಿ. ಪಾತ್ರೆಯ ತೂಕಕ್ಕೆ ಅದನ್ನು ಹೊಂದಿಸಿ ನೋಡಿದರೆ ಲೋಹಕ್ಕೆ ಎಷ್ಟು, ಹಳೆತನಕ್ಕೆ ಎಷ್ಟು ಕೊಡ್ತಿದ್ದೀರಿ ಅಂತ ಗೊತ್ತಾಗುತ್ತದೆ. ಜಾಡಿ, ಎನಾಮೆಲ್, ಕಾಗದಕ್ಕೆ ಈ ತಳ ಇಲ್ಲ. ಅಲ್ಲಿ ಬೆಲೆ ಪೂರ್ತಿ ಮಾತಿನ ಮೇಲೆ ನಿಂತಿರುತ್ತದೆ. ಅದು ನಿಮಗೆ ಲಾಭವೂ ಆಗಬಹುದು, ನಷ್ಟವೂ ಆಗಬಹುದು.

ಕೊನೆಯದು, ಆ ವಸ್ತುವಿನ ಮೇಲೆ ಏನಾದರೂ ಗುರುತು ಇದೆಯಾ? ಹೆಸರು, ಇಸವಿ, ಮುದ್ರೆ, ಊರು. ಗುರುತು ಇರುವ ಸಾಧಾರಣ ಪಾತ್ರೆಯನ್ನು ಗುರುತಿಲ್ಲದ ಚೆಂದದ ಪಾತ್ರೆಗಿಂತ ಮೇಲೆ ಇಡುತ್ತೇನೆ ನಾನು. ಅದು ನನ್ನ ಪಕ್ಷಪಾತ, ಮೊದಲೇ ಹೇಳಿಬಿಡುತ್ತೇನೆ.

ಹಿತ್ತಾಳೆ ಮತ್ತು ತಾಮ್ರ

ಸಿಗುವುದು ಜಾಸ್ತಿ ಇದೇ. ತಪ್ಪಲೆ, ಕೊಳಗ, ಬಿಂದಿಗೆ, ಚೊಂಬು, ಕಾಫಿ ಫಿಲ್ಟರು, ಚಕ್ಕುಲಿ ಒರಳು, ಸೌಟು, ಜಾಲರಿ. ಸ್ಟೀಲು ಬಂದ ಕಾಲದಲ್ಲಿ ಎಷ್ಟೋ ಮನೆಯವರು ಹಿತ್ತಾಳೆ ತೂಕಕ್ಕೆ ಹಾಕಿ ಸ್ಟೀಲ್ ಪಾತ್ರೆ ತಂದರು. ಅದರಲ್ಲಿ ಕರಗದೆ ಉಳಿದದ್ದೇ ಇವತ್ತು ನಮ್ಮ ಕೈಗೆ ಬರುತ್ತಿರುವುದು.

ನನ್ನ ಹತ್ತಿರ ಇರುವ ಒಂದು ತಪ್ಪಲೆಯ ಬಗ್ಗೆ ಹೇಳುತ್ತೇನೆ. ಎರಡು ಸೇರು ಅಕ್ಕಿ ಬೇಯುವಷ್ಟು ದೊಡ್ಡದು. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ. ಎರಡು ಇನಿಷಿಯಲ್ಲು, ಒಂದು ಹೆಣ್ಣಿನ ಹೆಸರು, ಕೆಳಗೆ 14-5-1951. ಮೇ ತಿಂಗಳು, ಮದುವೆ ಕಾಲ. ಯಾರೋ ಮುಯ್ಯಿ ಮಾಡಿದ ಪಾತ್ರೆ. ಹೆಸರಿನ ಕೊನೆಯ ಅಕ್ಷರ ಅರ್ಧ ಸವೆದಿದೆ, ಯಾಕೆಂದರೆ ಇಳಿಸುವಾಗ ಬಲಗೈ ಹಿಡಿಯುವುದು ಸರಿಯಾಗಿ ಅಲ್ಲಿಗೇ. ಹುಣಸೆಹಣ್ಣು ಹಾಕಿ ಉಜ್ಜುವಾಗ ನನ್ನ ಬೆರಳೂ ಅಲ್ಲಿಗೇ ಹೋಗುತ್ತದೆ. ಇದಕ್ಕೆ ಬೆಲೆ ಕಟ್ಟುವುದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ವ್ಯಾಪಾರಿ ಮಾತ್ರ ತೂಕಕ್ಕೇ ಕೊಟ್ಟ.

ಅಡುಗೆಗೆ ಬಳಸುವವರಿಗೆ ಒಂದು ಮಾತು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಹುಳಿ, ಸಾರು, ಗೊಜ್ಜು, ಮಜ್ಜಿಗೆ ಮಾಡಬಾರದು, ಇಡಲೂಬಾರದು. ಹುಳಿಗೆ ಲೋಹ ಬಿಡುತ್ತದೆ, ಹಸಿರು ಕಿಲುಬು ಕಟ್ಟುತ್ತದೆ, ಹೊಟ್ಟೆಗೆ ಕೆಟ್ಟದ್ದು. ಕಲಾಯಿ ಅಂದರೆ ಒಳಮೈಗೆ ತವರ ಸವರುವುದು. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಬಿರಬಿರನೆ ಒರೆಸುತ್ತಾರೆ. ಹೊಗೆ ಏಳುತ್ತದೆ, ಕಣ್ಣೆದುರೇ ಹಳದಿ ಮೈ ಬೆಳ್ಳಗೆ ಕನ್ನಡಿ ಥರ ಆಗುತ್ತದೆ. ತವರ 232 ಡಿಗ್ರಿಗೇ ಕರಗುತ್ತದೆ. ಆದ್ದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆ ಮೇಲಿಟ್ಟು ಮರೆಯಬಾರದು, ಅದರಲ್ಲಿ ಹುರಿಯಬಾರದು. ಸ್ಟೀಲ್ ನಾರು ಹಾಕಿ ತಿಕ್ಕಬಾರದು. ಆಗಾಗ ಮತ್ತೆ ಹಾಕಿಸಬೇಕು. ಇನ್ನೊಂದು ಎಚ್ಚರಿಕೆ: ತವರದ ಜೊತೆ ಸೀಸ ಬೆರೆಸುವವರೂ ಇದ್ದಾರೆ. ಹೊಸ ಕಲಾಯಿಯನ್ನು ಬಿಳಿ ಕಾಗದದಿಂದ ಜೋರಾಗಿ ಉಜ್ಜಿ ನೋಡಿ. ಪೆನ್ಸಿಲ್ ಗೀಚಿದ ಹಾಗೆ ಬೂದು ಗೆರೆ ಬಿದ್ದರೆ ಅನುಮಾನ ಪಡಿ. ಪರಿಚಯದವರ ಹತ್ತಿರ, ಎದುರಿಗೆ ನಿಂತು ಹಾಕಿಸುವುದೇ ಒಳ್ಳೆಯದು.

ಹಳೆಯದೋ ಹೊಸದೋ ಅಂತ ತಿಳಿಯುವುದು ಹೇಗೆ? ಹೊಸ ಹಿತ್ತಾಳೆಗೆ ರಾಸಾಯನಿಕ ಬಳಿದು ಕಪ್ಪು ಮಾಡಿ ಹಳೆಯದು ಅಂತ ಮಾರುವುದು ಇದೆ. ಕಪ್ಪು ಬಣ್ಣ ನೋಡಬೇಡಿ, ಸವೆತ ನೋಡಿ. ನಿಜವಾಗಿ ಬಳಸಿದ ಪಾತ್ರೆ ತಳದ ಅಂಚಿನಲ್ಲಿ, ಬಾಯಿಯ ಸುತ್ತ, ಕೈ ಹಿಡಿಯುವ ಕಡೆ ಸವೆದಿರುತ್ತದೆ. ಎಲ್ಲ ಕಡೆ ಒಂದೇ ಸಮನೆ ಕಪ್ಪಾಗಿದ್ದರೆ ಅದು ಬಳಿದದ್ದು. ತಟ್ಟಿ ಮಾಡಿದ ಹಳೇ ಪಾತ್ರೆಯಲ್ಲಿ ಸುತ್ತಿಗೆ ಗುರುತು ಕಾಣುತ್ತದೆ. ಕೆಲವದರಲ್ಲಿ ತಳ ಮತ್ತು ಮೈ ಸೇರುವ ಕಡೆ ಹಲ್ಲು ಹಲ್ಲಾಗಿ ಬೆಸೆದ ಗೆರೆ ಇರುತ್ತದೆ. ಅದು ಕಂಡರೆ ನಾನು ಚೌಕಾಸಿ ಜಾಸ್ತಿ ಮಾಡುವುದಿಲ್ಲ. ಅಯಸ್ಕಾಂತ ಹಿಡಿದರೆ ಮಾತ್ರ ಬಿಟ್ಟು ಬನ್ನಿ, ಅದು ಕಬ್ಬಿಣದ ಮೇಲಿನ ಲೇಪ.

ಕಂಚು

ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಗುರುತು ಹಿಡಿಯುವುದು ಕಿವಿಯಿಂದ. ಬೆರಳ ತುದಿಯಲ್ಲಿ ತೂಗಿ ಹಿಡಿದು ನಾಣ್ಯದಿಂದ ತಟ್ಟಿ. ಕಂಚು ಗಂಟೆಯ ಹಾಗೆ ಬಹಳ ಹೊತ್ತು ಗುಯ್ ಅನ್ನುತ್ತದೆ. ಟಪ್ ಅಂತ ನಿಂತುಹೋದರೆ ಎಲ್ಲೋ ಸೀಳಿದೆ. ಸೀಳಿದ ಕಂಚು ಕೊಳ್ಳಬೇಡಿ, ಅದನ್ನು ಸರಿ ಮಾಡುವುದು ಕಷ್ಟ.

ಊಟಕ್ಕೆ ಇದರಷ್ಟು ಸೊಗಸಾದದ್ದು ಇಲ್ಲ. ಉತ್ತರ ಕರ್ನಾಟಕದ ಗಂಗಾಳ, ಕರಾವಳಿಯ ಕಂಚಿನ ಬಟ್ಟಲು. ಕಲಾಯಿಯ ಗೋಜು ಇಲ್ಲ. ಆದರೆ ಕೈಜಾರಿ ಬಿದ್ದರೆ ಒಡೆಯುತ್ತದೆ, ಬೆಲೆಯೂ ಹಿತ್ತಾಳೆಗಿಂತ ಜಾಸ್ತಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸ್ವಲ್ಪ ವರ್ಷ ಕಾಯಬಹುದು. ಒಂದೇ ಒಂದು ಕಂಚಿನ ತಟ್ಟೆ ತಂದು ದಿನಾ ಅದರಲ್ಲೇ ಊಟ ಮಾಡುವುದು, ಆರು ತಂದು ಬೀರುವಿನಲ್ಲಿ ಇಡುವುದಕ್ಕಿಂತ ಎಷ್ಟೋ ಮೇಲು.

ಕಬ್ಬಿಣ ಮತ್ತು ಬೀಡು

ಅಡುಗೆಗೇ ಬೇಕು, ದುಡ್ಡು ಕಡಿಮೆ ಅನ್ನುವವರಿಗೆ ನನ್ನ ಮೊದಲ ಉತ್ತರ ಇದೇ. ಬೀಡಿನ ದೋಸೆ ಕಾವಲಿ, ಕಬ್ಬಿಣದ ಬಾಣಲೆ, ಪಡ್ಡಿನ ಕಲ್ಲು. ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿರುತ್ತದೆ, ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹಾಗಾಗಿ ಅಗ್ಗ. ಮೇಲಿನ ತುಕ್ಕಿಗೆ ಹೆದರಬೇಡಿ. ಹುಣಸೆ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಉಪ್ಪು ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ತೊಳೆದ ಕೂಡಲೇ ಒಲೆ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಹೊಗೆ ಬರುವ ತನಕ ಕಾಯಿಸಿ. ಹೀಗೆ ನಾಲ್ಕಾರು ಸಲ. ಮೊದಲ ನಾಲ್ಕು ದೋಸೆ ಅಂಟುತ್ತವೆ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಾ ಹೋಗಿ, ಐದನೆಯದು ಎದ್ದು ಬರುತ್ತದೆ.

ನೋಡಬೇಕಾದದ್ದು ಎರಡೇ. ತುಕ್ಕು ಆಳಕ್ಕೆ ಇಳಿದು ಗುಳಿ ಬಿದ್ದಿದೆಯಾ, ಮತ್ತು ಕೂದಲೆಳೆಯಷ್ಟು ಬಿರುಕು ಇದೆಯಾ. ಬೀಡು ಬಿರುಕು ಬಿಟ್ಟರೆ ಕಾದಾಗ ಎರಡು ಹೋಳಾಗುತ್ತದೆ. ಕಾವಲಿಯನ್ನು ಸಮವಾದ ನೆಲದ ಮೇಲಿಟ್ಟು ಒತ್ತಿ ನೋಡಿ, ಅಲ್ಲಾಡಬಾರದು. ಆರೈಕೆ ಸುಲಭ: ಒದ್ದೆ ಇಡಬಾರದು, ಅಷ್ಟೇ.

ಅಮೆರಿಕದಲ್ಲಿ ಇರುವ ನಮ್ಮವರು ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಗ್ರಿಸ್‌ವೋಲ್ಡ್, ವ್ಯಾಗ್ನರ್ ಅಂತ ಅಚ್ಚಾದ ಬೀಡಿನ ಬಾಣಲೆ ನೋಡಿರುತ್ತೀರಿ. ಪೆನ್ಸಿಲ್ವೇನಿಯಾದ ಈರಿ ಊರಿನ ಗ್ರಿಸ್‌ವೋಲ್ಡ್ ಕಾರ್ಖಾನೆ 1957ರಲ್ಲಿ ಮುಚ್ಚಿತು. ಆ ಕಾಲದ ಬೀಡು ತೆಳ್ಳಗೆ, ಒಳಮೈ ನುಣ್ಣಗೆ ಉಜ್ಜಿರುತ್ತದೆ, ದೋಸೆಗೆ ಹೇಳಿ ಮಾಡಿಸಿದ ಹಾಗೆ. ಅಲ್ಲೂ ಒಂದು ಎಚ್ಚರಿಕೆ ಇದೆ. ಕೆಲವರು ಇಂಥ ಬಾಣಲೆಯಲ್ಲಿ ಬಂದೂಕಿನ ಗುಂಡಿಗೆ, ಮೀನಿನ ಗಾಳಕ್ಕೆ ಸೀಸ ಕರಗಿಸುತ್ತಿದ್ದರು. ಒಳಗೆ ಬೂದು ಬಣ್ಣದ ಕಲೆ ಅಂಟಿದ್ದರೆ ಬಿಟ್ಟುಬಿಡಿ.

ಬಳಪದ ಕಲ್ಲು

ಈ ಕಲ್ಲಿನ ಪಾತ್ರೆಗೆ ಮಲೆನಾಡಿನ ಮನೆಗಳಲ್ಲಿ ಕಲ್ಮರಿಗೆ ಅನ್ನುತ್ತಾರೆ, ತಮಿಳರು ಕಲ್ಚಟ್ಟಿ ಅನ್ನುತ್ತಾರೆ. ಬೇಲೂರು, ಹಳೇಬೀಡಿನ ಶಿಲ್ಪಗಳ ಕಲ್ಲೂ ಇದೇ ಜಾತಿಯದ್ದು. ಮೆತ್ತಗೆ, ಉಗುರಿನಿಂದಲೂ ಗೀರು ಬೀಳುತ್ತದೆ. ಹುಳಿಗೆ ಹೆದರುವುದಿಲ್ಲ, ಒಲೆ ಆರಿಸಿದ ಮೇಲೂ ಸಾರು ಕೊತಕೊತ ಕುದಿಯುತ್ತಲೇ ಇರುತ್ತದೆ. ಉಪ್ಪಿನಕಾಯಿ, ಹುಳಿ, ಗೊಜ್ಜು ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಆದರೆ ತಾಳ್ಮೆ ಬೇಕು. ನಾನು ತಂದ ಮೊದಲ ಕಲ್ಲಿನ ಪಾತ್ರೆಯನ್ನು ಅದೇ ದಿನ ಗ್ಯಾಸಿನ ಮೇಲೆ ದೊಡ್ಡ ಉರಿಯಲ್ಲಿ ಇಟ್ಟೆ. ಹತ್ತು ನಿಮಿಷಕ್ಕೆ ಟಣ್ ಅಂತ ಒಂದು ಸದ್ದು. ತಳದಿಂದ ಬಾಯಿಯ ತನಕ ಗೆರೆ. ಎಷ್ಟೋ ವರ್ಷ ಯಾರೋ ಜೋಪಾನ ಮಾಡಿದ್ದು ನನ್ನ ಅವಸರಕ್ಕೆ ಹೋಯಿತು. ಈಗಲೂ ಅದರಲ್ಲಿ ಕಲ್ಲುಪ್ಪು ಇಟ್ಟುಕೊಂಡಿದ್ದೇನೆ. ಸರಿಯಾದ ಕ್ರಮ ಹೀಗೆ: ಒಂದು ವಾರ ದಿನಾ ಅಕ್ಕಿ ತೊಳೆದ ನೀರು ಬಿಸಿ ಮಾಡಿ ತುಂಬಿಡಿ, ಒಳಗೂ ಹೊರಗೂ ಎಣ್ಣೆ ಅರಿಸಿನ ಸವರಿ ಬಿಸಿಲಿಗಿಡಿ. ಆಮೇಲೆ ಗಂಜಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ತಣ್ಣೀರು, ಬಿಸಿ ಕಲ್ಲು ಎರಡೂ ಸೇರಬಾರದು.

ಕೊಳ್ಳುವಾಗ ನೀರು ತುಂಬಿಸಿ ಹತ್ತು ನಿಮಿಷ ನೋಡಿ. ವ್ಯಾಪಾರಿ ಬೇಡ ಅಂದರೆ ಅಲ್ಲೇ ಉತ್ತರ ಸಿಕ್ಕಿತು ಅಲ್ವಾ?

ಜಾಡಿ, ಎನಾಮೆಲ್, ಇತರ ಸಾಮಾನು

ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಹೊಸಬರಿಗೆ ಒಳ್ಳೆಯ ಶುರು. ಮೇಲೆ ಕಂದು, ಕೆಳಗೆ ಹಾಲುಬಿಳಿ ಬಣ್ಣದ್ದು. ಚಿಕ್ಕದು ಅಗ್ಗಕ್ಕೇ ಸಿಗುತ್ತದೆ, ಆರೈಕೆ ಅಂದರೆ ಒಡೆಯದ ಹಾಗೆ ನೋಡಿಕೊಳ್ಳುವುದು ಅಷ್ಟೇ. ಒಳಗಿನ ಮೆರುಗಿನಲ್ಲಿ ಜೇಡರಬಲೆ ಥರ ಬಿರುಕು ಇದ್ದರೆ ಉಪ್ಪಿನಕಾಯಿ ಹಾಕಬೇಡಿ. ಎಣ್ಣೆ, ಹುಳಿ ಒಳಗೆ ಇಳಿದು ವಾಸನೆ ಹಿಡಿಯುತ್ತದೆ. ಹಳೇ ಮೆರುಗಿನಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ. ಅಂಥದ್ದರಲ್ಲಿ ಸೌಟು ನಿಲ್ಲಿಸಿ, ಒಣ ಮೆಣಸಿನಕಾಯಿ ಪ್ಯಾಕೆಟ್ ಇಡಿ.

ಎನಾಮೆಲ್ ಪಾತ್ರೆ ಹುಡುಕುವವರು ಒಂದು ಸಲ ತಮಿಳುನಾಡಿನ ಕಾರೈಕುಡಿಗೆ ಹೋಗಿಬನ್ನಿ. ಚೆಟ್ಟಿಯಾರ್ ಮನೆಗಳಿಂದ ಬಂದ ಸ್ವೀಡನ್, ಜೆಕೊಸ್ಲೊವಾಕಿಯಾ, ಜಪಾನಿನ ಎನಾಮೆಲ್ ಅಲ್ಲಿ ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳಲ್ಲಿ ಸಾಲಾಗಿ ಇರುತ್ತದೆ. ತಳದಲ್ಲಿ ಕಾಕಮ್ಸ್ ಅಂತ ಮುದ್ರೆ ಇದ್ದರೆ ಸ್ವೀಡನ್ನಿನದ್ದು. ನಮ್ಮ ದೇಶದ್ದೂ ಇದೆ, ಬೆಂಗಾಲ್ ಎನಾಮೆಲ್ ವರ್ಕ್ಸ್ 1921ರಿಂದ ಮಾಡುತ್ತಿತ್ತು. ನೋಡಲು ಬಲು ಚೆಂದ, ಹಗುರ, ಗೋಡೆಗೆ ತೂಗುಹಾಕಬಹುದು. ಅಡುಗೆಗೆ ಮಾತ್ರ ನನ್ನ ಸಲಹೆ ಬೇಡ. ಚಕ್ಕೆ ಎದ್ದ ಕಡೆ ತುಕ್ಕು ಹಿಡಿಯುತ್ತದೆ. ಹಳೇ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರಬಹುದು.

ಅಳತೆಯ ಸಾಮಾನಿಗೆ ನನ್ನ ಮನಸ್ಸಲ್ಲಿ ವಿಶೇಷ ಜಾಗ ಇದೆ. ಸೇರು, ಅಚ್ಚೇರು, ಪಾವು, ಚಟಾಕು. ಅಂಗಡಿಯವರು ಬಳಸಿದ ಅಳತೆಗಳ ಮೇಲೆ ಸರ್ಕಾರದ ಮುದ್ರೆ, ಕೆಲವದರಲ್ಲಿ ಇಸವಿಯೂ ಒತ್ತಿರುತ್ತದೆ. ಚಿಕ್ಕದು, ಗಟ್ಟಿ, ಅಡುಗೆಮನೆಯಲ್ಲಿ ಇವತ್ತಿಗೂ ಅಕ್ಕಿ ಅಳೆಯಬಹುದು. ಜಾಗ ಕಡಿಮೆ ಇರುವವರು ಪೂರ್ತಿ ಒಂದು ಜೊತೆ ಕೂಡಿಸಲು ಶುರು ಮಾಡಿ.

ಹಳೇ ಕಾಲದ ಯಂತ್ರಗಳೂ ಬರುತ್ತವೆ. ಲಂಡನ್ನಿನ ಸ್ಪಾಂಗ್ ಕಂಪನಿಯ ಕಾಫಿ ಬೀಸುವ ಮಿಷನ್ನು, ಸ್ವೀಡನ್ನಿನ ಪ್ರೈಮಸ್ ಸ್ಟವ್, ಕೋಲ್ಕತ್ತಾದ ಇಂದುಮಾಧವ ಮಲ್ಲಿಕ್ 1910ರಲ್ಲಿ ಕಂಡುಹಿಡಿದ, ಹಬೆಯಲ್ಲಿ ಬೇಯಿಸುವ ಇಕ್ಮಿಕ್ ಕುಕ್ಕರ್. ಕಾಫಿ ಮಿಷನ್ನು ತಿರುಗುತ್ತಿದ್ದರೆ ಕಣ್ಣುಮುಚ್ಚಿ ತನ್ನಿ. ಸೀಮೆಎಣ್ಣೆ ಸ್ಟವ್ ಮತ್ತು ಹಳೇ ಪ್ರೆಶರ್ ಕುಕ್ಕರನ್ನು ಮಾತ್ರ ತಂದ ಹಾಗೆಯೇ ಹಚ್ಚಬೇಡಿ. ವಾಷರ್, ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಹೊಸದು ಸಿಗದಿದ್ದರೆ ಅವು ನೋಡುವುದಕ್ಕೆ ಮಾತ್ರ.

ರುಬ್ಬುವ ಕಲ್ಲು, ಬೀಸುವ ಕಲ್ಲು ಎಷ್ಟೋ ಕಡೆ ಸುಮ್ನೆ ಕೊಡುತ್ತಾರೆ. ಗಾಡಿ ಬಾಡಿಗೆಯೇ ಅದರ ಬೆಲೆ. ಮರದ ಸಾಮಾನಿಗೆ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಇದೆ ಅಂತ ಅರ್ಥ, ಮನೆಗೆ ತರಬೇಡಿ.

ಕಾಗದ: ಕ್ಯಾಟಲಾಗು, ಬೆಲೆಪಟ್ಟಿ, ಕುಕ್ಕರ್ ಜೊತೆ ಬಂದ ಪುಸ್ತಕ

ಇದನ್ನು ಜನ ಯಾಕೆ ಬಿಟ್ಟುಬಿಡುತ್ತಾರೋ! ಹಿತ್ತಾಳೆ ಹೊಳೆಯುತ್ತದೆ, ಕಾಗದ ಹೊಳೆಯುವುದಿಲ್ಲ. ಅದಕ್ಕೇ ಇರಬೇಕು. ಆದರೆ ಪಾತ್ರೆಗೆ ಹೆಸರು, ವಯಸ್ಸು, ಬೆಲೆ ಹೇಳುವುದು ಕಾಗದವೇ. ಒಂದು ಬೆಲೆಪಟ್ಟಿ ಇದ್ದರೆ ಇಪ್ಪತ್ತು ಪಾತ್ರೆಯ ಪರಿಚಯ ಆಗುತ್ತದೆ. ಜಾಗ ಒಂದು ಫೈಲಿನಷ್ಟು.

ಕಾಗದದಲ್ಲೂ ದರ್ಜೆ ಇದೆ. ಮುಂಬೈ, ಕೋಲ್ಕತ್ತಾದಲ್ಲಿ ಅಂಗಡಿ ಇಟ್ಟಿದ್ದ ಆರ್ಮಿ ಅಂಡ್ ನೇವಿ ಸ್ಟೋರ್ಸ್, ಕೋಲ್ಕತ್ತಾದಲ್ಲಿ ಶುರುವಾದ ವೈಟ್‌ಅವೇ ಲೇಡ್ಲಾ ಇವರ ದಪ್ಪ ಕ್ಯಾಟಲಾಗುಗಳು ತುಂಬಾ ದುಬಾರಿ. ಮರುಮುದ್ರಣಗಳೂ ಓಡಾಡುತ್ತವೆ, ಎಚ್ಚರ. ಬಿಳೀ ಗಟ್ಟಿ ಕಾಗದ, ಹೊಸ ಅಂಟಿನ ಬೈಂಡಿಂಗ್ ಇದ್ದರೆ ಮರುಮುದ್ರಣ ಅಂತಲೇ ತಿಳಿಯಿರಿ. ಮಧ್ಯದ ದರ್ಜೆಯದ್ದು ಭಾರತದ ಕಂಪನಿಗಳ ಕ್ಯಾಟಲಾಗು. ಎಲ್ಲಕ್ಕಿಂತ ಅಗ್ಗ, ನನಗೆ ಎಲ್ಲಕ್ಕಿಂತ ಇಷ್ಟ, ಊರಿನ ಪಾತ್ರೆ ಅಂಗಡಿಗಳ ಬೆಲೆಪಟ್ಟಿ, ರಸೀದಿ, ಕ್ಯಾಲೆಂಡರು ಮತ್ತು ಕುಕ್ಕರ್ ಡಬ್ಬದಲ್ಲಿ ಬರುತ್ತಿದ್ದ ಅಡುಗೆ ಪುಸ್ತಕ. ಅದರ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ‘ಬೇಳೆಗೆ 3 ಸೀಟಿ ಸಾಲದು’ ಅಂತ ಬರೆದದ್ದು ಸಿಕ್ಕಿದರೆ ಆ ದಿನ ಸಾರ್ಥಕ.

ಇಸವಿ ಅಚ್ಚಾಗಿಲ್ಲದಿದ್ದರೂ ವಯಸ್ಸು ತಿಳಿಯಬಹುದು. ಬೆಲೆ ರೂಪಾಯಿ-ಆಣೆ-ಪೈ ಲೆಕ್ಕದಲ್ಲಿ ಇದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ನಯಾ ಪೈಸೆ ಅಂತ ಇದ್ದರೆ 1957ರಿಂದ 1964ರ ಒಳಗಿನದು. ತೂಕ ಸೇರು, ತೊಲದಲ್ಲಿದ್ದರೆ ಸಾಮಾನ್ಯವಾಗಿ 1960ರ ಆಚೀಚೆಗಿಂತ ಹಳೆಯದು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಬೆಂಗಳೂರು-2’ ಥರ ಇದ್ದರೆ ಬಹುಪಾಲು ಅದಕ್ಕೂ ಮೊದಲಿನದು. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ಪಾತ್ರೆಯ ತಳಕ್ಕೂ ಇದೇ ಉಪಾಯ. ಜೆಕೊಸ್ಲೊವಾಕಿಯಾ ಅಂತ ಇದ್ದರೆ 1918ರಿಂದ 1992ರ ನಡುವಿನದು, ಪಶ್ಚಿಮ ಜರ್ಮನಿ ಅಂತ ಇದ್ದರೆ 1949ರಿಂದ 1990ರ ನಡುವಿನದು, ಆಕ್ಯುಪೈಡ್ ಜಪಾನ್ ಅಂತ ಇದ್ದರೆ 1945ರಿಂದ 1952ರ ನಡುವಿನದು. ಅಂಗಡಿಯವರು ಹಳೇ ರಸೀದಿ ಪುಸ್ತಕ ಮುಗಿಯುವ ತನಕ ಬಳಸುತ್ತಾರೆ ಅನ್ನುವುದು ಮಾತ್ರ ನೆನಪಿರಲಿ. ಒಂದೆರಡು ವರ್ಷ ಹಿಂದೆ ಮುಂದೆ ಆಗಬಹುದು.

ಆರೈಕೆಯಲ್ಲಿ ಕಾಗದ ಸ್ವಲ್ಪ ನಾಜೂಕು. ನಮ್ಮ ಮಳೆಗಾಲ, ಗೆದ್ದಲು, ಬೆಳ್ಳಿ ಹುಳ ಮೂರೂ ಅದಕ್ಕೆ ಶತ್ರು. ತಂದ ಕೂಡಲೇ ಬೇರೆ ಪುಸ್ತಕದ ಜೊತೆ ಸೇರಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಟ್ಟರೆ ಹುಳ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಕಾಗದ ಬೆವರುತ್ತದೆ. ತುಕ್ಕು ಹಿಡಿದ ಪಿನ್ನು ತೆಗೆಯಿರಿ. ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಆಮೇಲೆ ಬಿಡಿಸಲು ಆಗುವುದಿಲ್ಲ. ಒಮ್ಮೆ ಚೆನ್ನಾಗಿ ಸ್ಕ್ಯಾನ್ ಮಾಡಿಟ್ಟುಕೊಂಡರೆ ಮತ್ತೆ ಮತ್ತೆ ಮುಟ್ಟುವ ಅಗತ್ಯ ಇರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಐನೂರು ರೂಪಾಯಿ ಇದೆ, ರುಚಿ ನೋಡಬೇಕು ಅಂದರೆ ತುಕ್ಕು ಹಿಡಿದ ಕಾವಲಿ ಒಂದು, ಇಲ್ಲವೇ ಅಂಗಡಿ ಬೆಲೆಪಟ್ಟಿ ಒಂದೆರಡು. ಎರಡೂ ನಿಮಗೆ ಇಷ್ಟವಾಗದಿದ್ದರೆ ಕಳೆದುಕೊಂಡದ್ದು ಕಡಿಮೆ.

ಎರಡು ಮೂರು ಸಾವಿರ ಇದ್ದು, ಅಡುಗೆ ಮಾಡುವ ಆಸೆ ಇದ್ದು, ಹತ್ತಿರದಲ್ಲಿ ಕಲಾಯಿಯವರೂ ಇದ್ದರೆ ಹೆಸರು ಕೊರೆದ ಒಂದು ಹಿತ್ತಾಳೆ ಪಾತ್ರೆ ತನ್ನಿ. ಕಲಾಯಿಯವರು ಇಲ್ಲದಿದ್ದರೆ ಅದೇ ದುಡ್ಡಿಗೆ ಕಂಚಿನ ತಟ್ಟೆ ಅಥವಾ ಕಲ್ಲಿನ ಪಾತ್ರೆ. ಇವೆರಡರಲ್ಲಿ ಯಾವುದು ಅಂದರೆ, ಅವಸರದ ಬೆಳಗಿನವರಿಗೆ ತಟ್ಟೆ, ನಿಧಾನವಾಗಿ ಅಡುಗೆ ಮಾಡುವವರಿಗೆ ಕಲ್ಲು.

ಮನೆ ಚಿಕ್ಕದು, ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲು, ಪಾತ್ರೆ ಉಜ್ಜಲು ಸಮಯ ಇಲ್ಲ ಅನ್ನುವವರು ಕಾಗದ ಮತ್ತು ಅಳತೆಯ ಪಾವುಗಳ ಕಡೆ ಹೋಗಿ. ಮನೆಗೆ ಅಲಂಕಾರವೇ ಮುಖ್ಯ ಅನ್ನುವವರಿಗೆ ಎನಾಮೆಲ್ ಮತ್ತು ಜಾಡಿ. ದೊಡ್ಡ ಬಜೆಟ್ಟಿನವರಿಗೆ ಒಂದೇ ಮಾತು: ಮೊದಲ ವರ್ಷ ದೊಡ್ಡದು ಏನೂ ಕೊಳ್ಳಬೇಡಿ, ನೋಡುತ್ತಾ ಹೋಗಿ. ರಾಮನಗರದ ಜಾನಪದ ಲೋಕ, ಮೈಸೂರು ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತು ಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಪುಣೆಯ ಕೇಳ್ಕರ್ ಮ್ಯೂಸಿಯಂ. ಪಾತ್ರೆಗಳಿಗೆಂದೇ ಇರುವ ವಿಚಾರ್ ಮ್ಯೂಸಿಯಂ ಅಹಮದಾಬಾದಿನ ವಿಶಾಲಾದಲ್ಲಿ 1981ರಿಂದ ಇದೆ. ಅಲ್ಲಿ ಅರ್ಧ ದಿನ ಕಳೆದರೆ ಕಣ್ಣು ಪಳಗುತ್ತದೆ.

ಊರಿಗೆ ಬಂದು ಪಾತ್ರೆ ವಿದೇಶಕ್ಕೆ ಒಯ್ಯುವವರು ಕಾನೂನು ತಿಳಿದಿರಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅನುಮಾನ ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಅದು ಪ್ರಾಚ್ಯವಸ್ತು ಅಲ್ಲ ಅನ್ನುವ ಪತ್ರ ಪಡೆಯಬೇಕು. ಇನ್ನು ದೇವಸ್ಥಾನದ ಹೆಸರು ಕೊರೆದ ಗಂಟೆ, ದೀಪ, ಕೊಪ್ಪರಿಗೆ ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಅದು ಹೇಗೆ ಸಂತೆಗೆ ಬಂತು ಅಂತ ಹೇಳುವವರು ಇರುವುದಿಲ್ಲ.

ಬರುವ ಭಾನುವಾರ ಹೋಗುವವರು ಚೀಲದಲ್ಲಿ ಇಷ್ಟು ಇಟ್ಟುಕೊಳ್ಳಿ: ಚಿಕ್ಕ ಅಯಸ್ಕಾಂತ, ಟಾರ್ಚು, ತಟ್ಟಿ ನೋಡಲು ನಾಣ್ಯ, ಒಂದು ಬಾಟಲಿ ನೀರು, ತೂಗುವ ಸ್ಪ್ರಿಂಗ್ ತಕ್ಕಡಿ, ಕಾಗದಕ್ಕೆ ಒಂದು ಗಟ್ಟಿ ಫೈಲು, ಚಿಲ್ಲರೆ ನೋಟು. ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ಕು. ಯಾವ ದಿನ, ಎಲ್ಲಿ, ಎಷ್ಟಕ್ಕೆ ತಗೊಂಡಿರಿ, ಇದು ಯಾವ ಊರಿನ ಯಾವ ಮನೆಯಿಂದ ಬಂತು ಅಂತ ವ್ಯಾಪಾರಿ ಹೇಳಿದ, ಎಲ್ಲ ಅಲ್ಲೇ ನಿಂತು ಬರೆದುಕೊಳ್ಳಿ. ಮನೆಗೆ ಬಂದು ಆ ಚೀಟಿ ಹರಿದು ಪಾತ್ರೆಯೊಳಗೆ ಹಾಕಿಡಿ.